ಹನ್ನೊಂದೂಕಾಲಕ್ಕೆ ಗೇಟಿಗೆ ಹೋಗುವ ಸಾಹೇಬ

"ಮನೆ ಬಿಟ್ಟು ಯಾರಾದ್ರೂ ಹೋದ್ರಾ?" ನಾಯಿಯ ಡಾಕ್ಟರಮ್ಮ ಕೇಳಿದರು.

"ಯಾರೂ ಇಲ್ಲ ಡಾಕ್ಟ್ರೇ. ಇರೋದು ನಾನು, ಅಮ್ಮ. ಇಬ್ಬರೂ ಗಟ್ಟಿಮುಟ್ಟಾಗಿದ್ದೀವಿ."

ಮೇಜಿನ ಮೇಲಿದ್ದ ಅವಳ ನಾಯಿ ಸಾಹೇಬ ತಲೆ ಕೂಡ ಎತ್ತಲಿಲ್ಲ. ಠೀವಿ ನೋಡಿ ಅಮ್ಮ ಇಟ್ಟ ಹೆಸರು ಅದು. ಮೂರು ವಾರದಿಂದ ಠೀವಿಯೆಲ್ಲ ಇಳಿದು ಪಕ್ಕೆಲುಬು ಎಣಿಸುವಂತಾಗಿದ್ದ. ಚೆಂಡು ಎಸೆದರೆ ಅದು ಬಿದ್ದಲ್ಲೇ ಬಿದ್ದಿರುತ್ತಿತ್ತು. ಮೊಟ್ಟೆ ಕೊಟ್ಟರೆ ಮೂಸಿ ಮುಖ ತಿರುಗಿಸುತ್ತಿದ್ದ. ಹಲ್ಲು, ಹೊಟ್ಟೆ, ಜ್ವರ, ರಕ್ತ ಎಲ್ಲ ಪರೀಕ್ಷೆಯಾಗಿತ್ತು, ಏನೂ ಸಿಕ್ಕಿರಲಿಲ್ಲ.

"ಮೈಗೇನೂ ಆಗಿಲ್ಲ, ಮನಸ್ಸಿಗಾಗಿದೆ. ನಾಯಿಗೂ ಖಿನ್ನತೆ ಬರುತ್ತೆ. ದಿನದಲ್ಲಿ ಯಾವಾಗ ಜಾಸ್ತಿ ಮಂಕಾಗ್ತಾನೆ?"

"ಹನ್ನೊಂದೂಕಾಲಕ್ಕೆ ಗೇಟಿನ ಹತ್ತಿರ ಹೋಗಿ ನಿಲ್ತಾನೆ. ಹನ್ನೊಂದೂವರೆಗೆ ವಾಪಸ್ ಬಂದು ಗೋಡೆಗೆ ಮುಖ ಮಾಡಿ ಮಲಗ್ತಾನೆ."

"ಮೊದಲು ಆ ಹೊತ್ತಿಗೆ ಯಾರು ಬರ್ತಿದ್ರು?"

ಅವಳ ಕಿವಿ ಬಿಸಿಯಾಯಿತು.

"ಪೋಸ್ಟ್‌ಮ್ಯಾನ್. ಹೋದ ತಿಂಗಳು ಬೇರೆ ಬೀದಿಗಳಿಗೆ ಹೋದ್ರು."

"ಹಾಗಾದ್ರೆ ಅವರನ್ನೇ ಕೇಳಿ. ಹದಿನೈದು ದಿನ ಅದೇ ಹೊತ್ತಿಗೆ ಬರಲಿ, ಆಮೇಲೆ ನಿಧಾನಕ್ಕೆ ಬಿಡಿಸೋಣ. ಊಟ ಬಲವಂತವಾಗಿ ತುರುಕಬೇಡಿ. ಸಪ್ಪಗೆ ಮಲಗಿದಾಗ ಅಯ್ಯೋ ಪಾಪ ಅಂತ ಮುದ್ದು ಮಾಡ್ಬೇಡಿ, ಎದ್ದು ಓಡಾಡಿದಾಗ ಮಾಡಿ. ಇನ್ನೊಂದು ವಾರ ಹೀಗೇ ಇದ್ರೆ ಡ್ರಿಪ್ ಹಾಕಬೇಕಾಗುತ್ತೆ."

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದಳು, ಅಮ್ಮ ಅವಳ ತಟ್ಟೆ ನೋಡಿದರು. ಅರ್ಧ ಊಟ ಹಾಗೇ ಇತ್ತು. "ಇನ್ನೊಬ್ಬರೂ ಹೀಗೇ ಊಟ ಬಿಟ್ಟು ಗೇಟು ನೋಡ್ತಾರೆ. ಒಂದೇ ಫೀಸಲ್ಲಿ ಅವರನ್ನೂ ತೋರಿಸ್ಕೊಂಡು ಬರಬಾರದಿತ್ತಾ?"

"ಅಮ್ಮಾ!"

ಮರುದಿನ ಅವಳು ಅಂಚೆ ಕಚೇರಿಗೆ ಹೋದಳು. ನಾಯಿಗಾಗಿ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಪೋಸ್ಟ್‌ಮ್ಯಾನ್ ಕಾಗದಗಳನ್ನು ಬೀದಿವಾರು ಖಾನೆಗಳಿಗೆ ಹಾಕುತ್ತಿದ್ದ. ಅವಳನ್ನು ಕಂಡು ಒಂದು ಲಕೋಟೆಯನ್ನು ತಪ್ಪು ಖಾನೆಗೆ ಹಾಕಿ, ಮತ್ತೆ ತೆಗೆದ.

"ಸಾಹೇಬ ಊಟ ಬಿಟ್ಟಿದ್ದಾನೆ. ಹದಿನೈದು ದಿನ ಅದೇ ಹೊತ್ತಿಗೆ ನೀವು ಬಂದು ಹೋಗ್ಬೇಕಂತೆ, ಡಾಕ್ಟರು ಹೇಳಿದ್ರು. ನಿಮ್ಮನ್ನ ಯಾಕೆ ಬದಲಾಯಿಸಿದ್ರು?"

"ಬದಲಾಯಿಸಲಿಲ್ಲ ಮೇಡಂ. ನಾನೇ ಕೇಳಿ ತಗೊಂಡೆ."

"ಯಾಕೆ?"

ಅವನು ಲಕೋಟೆಗಳ ಅಂಚು ಸರಿಮಾಡತೊಡಗಿದ. ಆಗಲೇ ಅವೆಲ್ಲ ಸರಿಯಾಗಿದ್ದವು. "ಪ್ರತಿ ಸೋಮವಾರ ನಿಮಗೊಂದು ದಪ್ಪ ಕವರ್. ಒಂದೇ ಕೈಬರಹ. ವರ್ಷಪೂರ್ತಿ. ಅಷ್ಟು ಬರೆಯೋರು ಯಾರಿರ್ತಾರೆ ಅಂತ ನನಗೂ ಗೊತ್ತಾಗುತ್ತೆ. ಅದನ್ನ ನನ್ನ ಕೈಯಾರೆ ತಂದುಕೊಡೋಕೆ ಕಷ್ಟ ಆಯ್ತು."

"ಕೇಳಬಹುದಿತ್ತಲ್ಲ!"

"ಟಪಾಲಿನ ಒಳಗೆ ಏನಿದೆ ಅಂತ ಕೇಳೋ ಹಾಗಿಲ್ಲ ಮೇಡಂ. ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದು."

ಅವಳಿಗೆ ನಗು ತಡೆಯಲಾಗಲಿಲ್ಲ. ಕೌಂಟರಿನವರೆಲ್ಲ ತಿರುಗಿ ನೋಡಿದರು. "ನಾನು ಟೈಪಿಂಗ್ ಮಾಡಿಕೊಡೋಳು. ಬರೆಯೋರು ಎಪ್ಪತ್ತೆಂಟು ವರ್ಷದ ರಿಟೈರ್ಡ್ ಡಾಕ್ಟರು. ಪುಸ್ತಕ ಮೂಲವ್ಯಾಧಿ ಮೇಲೆ. ವಾರಕ್ಕೆ ಇಪ್ಪತ್ತು ಪುಟ."

ಪೋಸ್ಟ್‌ಮ್ಯಾನ್ ಲಕೋಟೆಗಳನ್ನು ಕೆಳಗಿಟ್ಟ. ಕಿವಿಯಿಂದ ಕತ್ತಿನವರೆಗೆ ಕೆಂಪಾದ. ಹತ್ತಿರದಿಂದ ನೋಡಿದರೆ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಇದೆಯೆಂದು ಅವಳಿಗೆ ಅಂದೇ ಗೊತ್ತಾಗಿದ್ದು. ಅವನ ಸಂಕೋಚ ಅವಳಿಗೆ ತುಂಬ ಇಷ್ಟವಾಯಿತು.

ಮರುದಿನ ಹನ್ನೊಂದೂಕಾಲಕ್ಕೆ ಸೈಕಲ್ ಬಂದು ಗೇಟಿನ ಮುಂದೆ ನಿಂತಿತು. ಸಾಹೇಬ ಒಮ್ಮೆಲೇ ಕುಣಿಯಲಿಲ್ಲ. ಮೂಗು ಎತ್ತಿದ, ನಂಬಲಿಲ್ಲ, ಮತ್ತೆ ಮೂಸಿದ. ಆಮೇಲೆ ಬಾಲ ಒಂದು ಸಲ, ಎರಡು ಸಲ ಆಡಿತು. ಪೋಸ್ಟ್‌ಮ್ಯಾನ್ ಕೈಯಿಂದ ಎರಡು ಬಿಸ್ಕತ್ತು ತಿಂದ. ಅವಳು ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡಳು.

ಏಳನೇ ದಿನ ಸಾಹೇಬ ತಟ್ಟೆ ನೆಕ್ಕಿ ಖಾಲಿ ಮಾಡಿದ. ಹತ್ತನೇ ದಿನ ಚೆಂಡು ತಂದುಕೊಟ್ಟ. ಹದಿನೈದನೇ ದಿನ ಪೋಸ್ಟ್‌ಮ್ಯಾನ್ ಸೈಕಲ್ ಸ್ಟ್ಯಾಂಡ್ ಹಾಕಲಿಲ್ಲ, ಹ್ಯಾಂಡಲ್ ಹಿಡಿದು ನಿಂತ.

"ಡಾಕ್ಟರು ಹೇಳಿದ್ದು ಇವತ್ತಿಗೆ ಮುಗೀತು. ನಾಳೆಯಿಂದ ದಿನ ಬಿಟ್ಟು ದಿನ ಬರಲಾ?"

"ಸಾಹೇಬನಿಗೆ ಅಷ್ಟು ಸಾಕಂತೆ," ಎಂದಳು. ಆಮೇಲೆ ಗೇಟಿನ ಚಿಲಕ ತೆಗೆದು ಹೇಳಿದಳು: "ನನಗೆ ಸಾಲದು. ನೀವು ದಿನಾ ಬರಬೇಕು. ನೀವಂದ್ರೆ ನನಗೆ ಇಷ್ಟ."

ಒಳಗಿನಿಂದ ಅಮ್ಮ ಗಟ್ಟಿಯಾಗಿ ಕೆಮ್ಮಿದರು. ಪೋಸ್ಟ್‌ಮ್ಯಾನ್ ಸೈಕಲ್‌ಗೆ ಸ್ಟ್ಯಾಂಡ್ ಹಾಕಿದ, ಬೀಗವನ್ನೂ ಹಾಕಿ ಒಳಗೆ ಬಂದ.