ಆಸ್ಪತ್ರೆಗಿಲ್ಲದ ಸೀಲು

2014ರ ಮಾರ್ಚ್ 4, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಪಾಪಕುರಾ ಪೊಲೀಸ್ ಠಾಣೆಗೆ ಒಂದು ದೂರು ಬಂತು. ತಂದವರು ಜಾನೆಟ್ ಎಂಬ ಹೆಂಗಸು, ಆಕ್ಲೆಂಡಿನ ಒಂದು ಹೃದಯದ ಆಸ್ಪತ್ರೆಯಲ್ಲಿ ಬಿಲ್ಲಿನ ವಿಭಾಗದ ಮ್ಯಾನೇಜರ್.

"ನಮ್ಮ ಆಸ್ಪತ್ರೆಯ ಸೀಲನ್ನು ಯಾರೋ ಖೋಟಾ ಮಾಡಿದ್ದಾರೆ" ಎಂದರು.

"ಅಸಲಿ ಸೀಲು ತಂದಿದ್ದೀರಾ? ಎರಡನ್ನೂ ಹೋಲಿಸಿ ನೋಡೋಣ" ಎಂದ ಡಿಟೆಕ್ಟಿವ್ ಸಾರ್ಜೆಂಟ್ ಶ್ರೀಪಾದ.

"ಅದೇ ತೊಂದರೆ. ನಮ್ಮ ಆಸ್ಪತ್ರೆಯಲ್ಲಿ ಸೀಲೇ ಇಲ್ಲ. ಎಂದೂ ಇರಲಿಲ್ಲ."

ಶ್ರೀಪಾದ ಧಾರವಾಡದಿಂದ ಓದಲು ಬಂದವನು. ಓದು ಮುಗಿಸಿ ಇಲ್ಲೇ ಉಳಿದು ಪೊಲೀಸಿಗೆ ಸೇರಿದ್ದ. ಭಾರತದ ವಾಸನೆ ಇರುವ ಕಾಗದ ಯಾವುದು ಬಂದರೂ "ಇದು ನಿಮ್ಮವರದು" ಎಂದು ಅವನ ಮೇಜಿಗೆ ಬಂದು ಬೀಳುತ್ತಿತ್ತು. ನಮ್ಮವರು ಎಂದರೆ ನೂರಿಪ್ಪತ್ತು ಕೋಟಿ ಜನ ಕಣ್ರಪ್ಪಾ ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು.

ಜಾನೆಟ್ ಕೊಟ್ಟದ್ದು ಒಂದು ಇಮೇಲು ಮತ್ತು ಹದಿನೇಳು ಪುಟದ ಬಿಲ್ಲು. ಇಮೇಲು ಬಂದದ್ದು ಭಾರತದ ಮಾಜಿ ಸೈನಿಕರ ವೈದ್ಯಕೀಯ ಯೋಜನೆಯ ಒಂದು ಕಚೇರಿಯಿಂದ. ವಾಸುದೇವ ಎಂಬ ನಿವೃತ್ತ ಸುಬೇದಾರರು ಪರದೇಶದಲ್ಲಿ ಹೆಂಡತಿಗೆ ಆದ ಆಸ್ಪತ್ರೆಯ ಖರ್ಚನ್ನು ಮರಳಿ ಕೇಳಿದ್ದಾರೆ, ಬಿಲ್ಲಿನ ಮೇಲಿರುವ ಸೀಲು ನಿಮ್ಮದೇ ಎಂದು ಖಚಿತಪಡಿಸಿದರೆ ಏಳು ದಿನದಲ್ಲಿ ಹಣ ಮಂಜೂರಾಗುತ್ತದೆ ಎಂದು ಬರೆದಿತ್ತು. ಬಿಲ್ಲಿನ ಕೊನೆಗೆ ನೇರಳೆ ಶಾಯಿಯ ದುಂಡು ಸೀಲು. ಸುತ್ತ ಆಸ್ಪತ್ರೆಯ ಹೆಸರು, ಎರಡು ನಕ್ಷತ್ರ, ನಡುವೆ 'ಅಕೌಂಟ್ಸ್ ಆಫೀಸರ್'.

"ಅಕೌಂಟ್ಸ್ ಆಫೀಸರ್ ಯಾರು?"

"ಆ ಹೆಸರಿನ ಹುದ್ದೆಯೂ ನಮ್ಮಲ್ಲಿಲ್ಲ."

"ಬಿಲ್ಲು?"

"ಬಿಲ್ಲು ನಮ್ಮದೇ. ಸೆಂಟಿನವರೆಗೂ ಸರಿಯಾಗಿದೆ" ಎಂದರು ಜಾನೆಟ್. "ಆದರೆ ಇಲ್ಲದ ಸೀಲನ್ನು ನಮ್ಮದು ಅಂತ ನಾನು ಹೇಗೆ ಬರೆದುಕೊಡಲಿ?"

ಇಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಕಂಪ್ಯೂಟರಿನಲ್ಲಿ ಫೈಲು ತೆರೆದು ನಂಬರು ಹಾಕಿದರೆ ಮುಗಿಯಿತು. ಕಾನ್‌ಸ್ಟೆಬಲ್ ಕೃತಿ ನಂಬರು ಹಾಕಿದಳು. ಅವಳು ಇಲ್ಲೇ ಹುಟ್ಟಿದ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸೋ, ದ ಬಿಲ್ ಈಸ್ ರಿಯಲ್, ದ ಇಲ್‌ನೆಸ್ ಈಸ್ ರಿಯಲ್. ಓನ್ಲಿ ದ ಸ್ಟ್ಯಾಂಪ್ ಈಸ್ ಫೇಕ್?" ಎಂದಳು.

"ಹೌದು ತಾಯಿ. ಕಳ್ಳತನ ಮಾಡೋದಕ್ಕೂ ಒಂದು ರೀತಿ ನೀತಿ ಬೇಡವಾ" ಎಂದ ಶ್ರೀಪಾದ.

ಮಾರ್ಚ್ 5, ಸಂಜೆ ಐದೂವರೆ. ವಾಸುದೇವರ ಮಗ ಚೇತನನ ಮನೆ ಪಾಪಕುರಾ ರೈಲು ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಚೇತನ್ ಹಾಲಿನ ಪುಡಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಸೋಫಾದಲ್ಲಿ ಮೂರು ದಿಂಬಿಗೆ ಒರಗಿ ಅವನ ತಾಯಿ ಜಯಲಕ್ಷ್ಮಿ ಕೂತಿದ್ದರು. ಮಾತಾಡಿದರೆ ಉಸಿರು ಹಿಡಿಯುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ವಾಸುದೇವ, ಎಪ್ಪತ್ತರ ಸುಮಾರು.

"ಧಾರವಾಡದಾಗ ಎಲ್ಲೆ ಆತ್ರಿ ನಿಮ್ಮದು?" ಎಂದು, ಶ್ರೀಪಾದ ತನ್ನ ಊರು ಹೇಳಿದ ಕೂಡಲೇ ಕೇಳಿದವರು ಜಯಲಕ್ಷ್ಮಿ.

"ಮಾಳಮಡ್ಡಿ ರೀ, ಆಂಟಿ."

"ನಮ್ಮದು ಸವದತ್ತಿ ಕಡೆ. ಚೇತ್ಯಾ, ಚಾ ಇಡೋ."

ವಿಚಾರಣೆಗೆ ಹೋದ ಮನೆಯಲ್ಲಿ ಚಹಾ ಕುಡಿಯಬಾರದು ಎಂಬುದು ಶ್ರೀಪಾದ ತಾನೇ ಮಾಡಿಕೊಂಡ ನಿಯಮ. ನಮ್ಮವರ ಮನೆಗಳಲ್ಲಿ ಒಂದು ಸಲವೂ ಅದು ನಡೆದಿರಲಿಲ್ಲ.

ಚಹಾದ ಜೊತೆಗೆ ಕತೆಯೂ ಬಂತು. ಮಗನನ್ನು ನೋಡಲು ಬಂದ ಜಯಲಕ್ಷ್ಮಿಗೆ ಹಿಂದಿನ ಮೇ ತಿಂಗಳಲ್ಲಿ ಎದೆ ಹಿಡಿದು ತುರ್ತು ಆಪರೇಷನ್ ಆಯಿತು. ನೋಡಲು ಬಂದವರಿಗೆ ಇಲ್ಲಿ ಸರ್ಕಾರದ ಚಿಕಿತ್ಸೆ ಇಲ್ಲ. ಚೇತನ್ ಮನೆಯ ಮೇಲೆ ಸಾಲ ತೆಗೆದು ಬಿಲ್ಲು ಕಟ್ಟಿದ. ಈಗ ಹೃದಯದ ಇನ್ನೊಂದು ಕವಾಟ ಕೆಟ್ಟಿದೆ. ಮಾರ್ಚ್ 20ಕ್ಕೆ ಎರಡನೇ ಆಪರೇಷನ್ ಗೊತ್ತಾಗಿದೆ, ಆದರೆ 14ರೊಳಗೆ ಮುಂಗಡ ಕಟ್ಟಬೇಕು. ಇನ್ನೊಂದು ಸಾಲ ಬ್ಯಾಂಕು ಕೊಡುವುದಿಲ್ಲ. ಊರಿಗೆ ಹೋಗೋಣವೆಂದರೆ ವಿಮಾನ ಹತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ. ಸೈನ್ಯದ ಕಚೇರಿಯಿಂದ ಮೊದಲ ಖರ್ಚು ಮರಳಿ ಬಂದರೆ ಅದೇ ದುಡ್ಡಿನಲ್ಲಿ ಎರಡನೆಯದು ಆಗುತ್ತದೆ. ಬರದಿದ್ದರೆ ಇಲ್ಲ.

"ಮೂರು ಸಲ ಹೊಳ್ಳಿ ಕಳಿಸಿದ್ರು ನೋಡ್ರಿ, ಬಿಲ್ಲಿನ ಮ್ಯಾಲೆ ಶಿಕ್ಕಾ ಇಲ್ಲ ಅಂತ" ಎಂದರು ಜಯಲಕ್ಷ್ಮಿ. "ದೇವರು ಕೊಟ್ರೂ ಪೂಜಾರಿ ಕೊಡವೊಲ್ಲ ಅಂತಾರಲ್ಲ, ಹಂಗ ಆತು. ನಾಲ್ಕನೇ ಸಲಕ್ಕ ತಗೊಂಡಾರಂತ. ಹೌದಲ್ರಿ?"

ಗಂಡ ಚಹಾದ ಕಪ್ಪನ್ನು ಬಸಿಯ ನಡುವಿಗೆ ಸರಿಸಿ ಇಟ್ಟರು.

"ಕಾಗದ ಕಳಿಸಿದ್ದು ಯಾರು?" ಶ್ರೀಪಾದ ಕೇಳಿದ.

"ನಾನು" ಎಂದ ಚೇತನ್, ಪ್ರಶ್ನೆ ಮುಗಿಯುವ ಮೊದಲೇ. "ಎಲ್ಲಾ ನಾನೇ ಮಾಡಿದ್ದು. ಅಪ್ಪಗ ಇದರಾಗಿಂದು ಏನೂ ಗೊತ್ತಿಲ್ಲ."

ಅಪ್ಪನ ವಿಷಯ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ಶ್ರೀಪಾದನಿಗೆ ಅನ್ನಿಸಿತು. ಯಾರ ಹೆಗಲು ಎಂಬುದು ಮಾತ್ರ ತಿಳಿಯಲಿಲ್ಲ.

ಮಾರ್ಚ್ 6, ಗುರುವಾರ. ಆಕ್ಲೆಂಡಿನಲ್ಲಿ ರಬ್ಬರ್ ಸೀಲು ಮಾಡುವ ಅಂಗಡಿಗಳ ಪಟ್ಟಿಯನ್ನು ಕೃತಿ ಮಾಡಿದಳು. ಆರನೆಯದು ನ್ಯೂ ಲಿನ್ ನಿಲ್ದಾಣದ ಎದುರಿನ ಅಂಗಡಿ. ಕೀಲಿ, ಬೂಟಿನ ಹಿಮ್ಮಡಿ, ಸೀಲು, ಮೂರೂ ಒಂದೇ ಕೌಂಟರಿನಲ್ಲಿ. ಮಾಲೀಕ ಅನೀಸ್, ಹುಬ್ಬಳ್ಳಿಯವನು.

ಸೀಲಿನ ಅಚ್ಚು ನೋಡಿದವನೇ, "ನಮ್ಮಲ್ಲೇ ಮಾಡಿದ್ದು ಸರ್" ಎಂದ. "ನಾ ಊರಾಗ ಇರ್ಲಿಲ್ಲ. ಕೆಲಸದ ಹುಡುಗಿ ಆರ್ಡರ್ ತಗೊಂಡಾಳ."

ರಿಜಿಸ್ಟರಿನಲ್ಲಿ ಜನವರಿ 9ರ ತಾರೀಖು, ಚೇತನ್ ಎಂಬ ಹೆಸರು, ಚೇತನನ ಫೋನ್ ನಂಬರು. ಕೊಟ್ಟದ್ದು ನಗದು.

"ಆಸ್ಪತ್ರೆ ಹೆಸರಿನ ಸೀಲು ಕೇಳಿದರೆ ಯಾಕೆ ಅಂತ ಕೇಳೋದಿಲ್ವಾ?"

"ಆ ಹುಡುಗಿ ಇಲ್ಲಿಯವಳು ಸರ್. ಸೀಲಿಗೆ ಇಷ್ಟ ತಾಕತ್ತು ಐತಿ ಅಂತ ಆಕಿಗೇನು ಗೊತ್ತು?" ಎಂದು ಅನೀಸ್ ಮುಖ ಉಜ್ಜಿಕೊಂಡ. "ನಾ ಇದ್ರ ಕೇಳ್ತಿದ್ದೆ."

ಮಾರ್ಚ್ 7, ಬೆಳಿಗ್ಗೆ ಒಂಬತ್ತಕ್ಕೆ ಚೇತನನನ್ನು ಠಾಣೆಗೆ ಕರೆಸಿದರು. ಮೌನವಾಗಿರಬಹುದು, ವಕೀಲರನ್ನು ಕೇಳಬಹುದು ಎಂದು ಶ್ರೀಪಾದ ತಿಳಿಸಿದ. ಚೇತನ್ ಎರಡನ್ನೂ ಬೇಡ ಎಂದ. ಕ್ಯಾಮೆರಾ ಓಡುತ್ತಿತ್ತು.

"ಸೀಲು ಮಾಡಿಸಿದ್ದು?"

"ನಾನೇ."

"ಯಾವಾಗ?"

"ಜನವರಿ ಒಂಬತ್ತು. ಮಧ್ಯಾಹ್ನ."

"ಅವತ್ತು ನೀನು ಡ್ಯೂಟಿಯಲ್ಲಿದ್ದೆ. ಗೋದಾಮಿನ ಹಾಜರಿ ನೋಡಿದ್ದೇವೆ."

"ಊಟದ ಹೊತ್ತಿಗೆ ಹೋಗಿದ್ದೆ."

ಪಾಪಕುರಾದಿಂದ ನ್ಯೂ ಲಿನ್‌ಗೆ ಹೋಗಿ ಬರಲು ಎರಡು ಗಂಟೆಯಾದರೂ ಬೇಕು. ಶ್ರೀಪಾದ ವಾದ ಮಾಡಲಿಲ್ಲ. ಆ ಬಿಲ್ಲಿನದೇ ಸೀಲಿಲ್ಲದ ಒಂದು ಪ್ರತಿ ಮತ್ತು ಠಾಣೆಯ ತಾರೀಖಿನ ಸೀಲನ್ನು ಮೇಜಿನ ಮೇಲೆ ಇಟ್ಟ.

"ಹೇಗೆ ಹಾಕಿದೆ, ಹಾಕಿ ತೋರಿಸು."

ಚೇತನ್ ಕಾಗದವನ್ನು ಮೇಲಿಂದ ಕೆಳಗೆ ನೋಡಿದ. ಕೆಳಗಡೆ ಎಡಕ್ಕೆ ಬಿಳಿಯ ಜಾಗ ಹುಡುಕಿ, ಅಕ್ಷರಕ್ಕೆ ತಾಗದಂತೆ ಜೋಪಾನವಾಗಿ ಒತ್ತಿದ.

ಶ್ರೀಪಾದ ಅದರ ಪಕ್ಕಕ್ಕೆ ಭಾರತದಿಂದ ಬಂದ ಪ್ರತಿಯನ್ನಿಟ್ಟ. ಅದರಲ್ಲಿ ಸೀಲಿನ ಅರ್ಧ ಆಸ್ಪತ್ರೆಯ ಸಹಿಯ ಮೇಲಿತ್ತು, ಅರ್ಧ ಒಟ್ಟು ಮೊತ್ತದ ಅಂಕಿಯ ಮೇಲೆ. ಯಾರೂ ಒಂದಂಕಿಯನ್ನೂ ತಿದ್ದಲಾಗದ ಹಾಗೆ. ಹದಿನೇಳು ಪುಟಕ್ಕೂ ಬಲ ಮೂಲೆಯಲ್ಲಿ ಕೆಂಪು ಶಾಯಿಯ ನಂಬರು, ಅದರ ಕೆಳಗೆ ಗೀಚು ಸಹಿ. ಇದು ಜೀವಮಾನವಿಡೀ ಫೈಲು ಕಟ್ಟಿದವರ ಕೈ.

"ಚೇತನ್, ನಿಮ್ಮ ಅಪ್ಪ ಸೈನ್ಯದಲ್ಲಿ ಏನು ಕೆಲಸ ಮಾಡ್ತಿದ್ದರು?"

ಚೇತನ್ ಮೇಜಿನ ಮೇಲೆ ತಲೆ ಇಟ್ಟು ಅಳತೊಡಗಿದ. "ನನ್ನನ್ನ ಹಿಡೀರಿ ಸರ್, ಅವರನ್ನ ಬಿಡ್ರಿ. ಅವರ ಹೆಸರಿಗೆ ಕೇಸ್ ಆದ್ರ ಆ ದುಡ್ಡು ಬರೂದಿಲ್ಲ. ಅವ್ವ ಉಳಿಯೂದಿಲ್ಲ."

ಶ್ರೀಪಾದನಿಗೆ ಆ ಕ್ಷಣ ತನ್ನ ಕೆಲಸದ ಮೇಲೆ ಹೇಸಿಗೆ ಹುಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅವನ ಕೈಯಲ್ಲಿತ್ತು. ಎಮ್ಮೆ ತಾನಾಗಿ ಬಂದು ನಿಂತಿತ್ತು.

ಮಾರ್ಚ್ 10, ಸೋಮವಾರ, ಬೆಳಿಗ್ಗೆ ಹನ್ನೊಂದು. ಶ್ರೀಪಾದ ಮತ್ತು ಕೃತಿ ಸರ್ಚ್ ವಾರಂಟ್ ಹಿಡಿದು ಹೋದರು. ಜಯಲಕ್ಷ್ಮಿ ಒಳಗೆ ಮಲಗಿದ್ದರು. ವಾಸುದೇವ ಬಾಗಿಲು ತೆಗೆದರು.

"ಸುಬೇದಾರ್ ಸಾಹೇಬ್ರೇ, ಸೀಲು ತಾನೇ ಮಾಡಿಸಿದ್ದು ಅಂತ ನಿಮ್ಮ ಮಗ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದಾನೆ."

ಅಂದು ಮನೆಯಲ್ಲಿ ಆಡಿದ ಮಾತನ್ನು ಮಗ ಠಾಣೆಯಲ್ಲೂ ಹೇಳಿದ್ದಾನೆಂದು ಮುದುಕರು ಈಗ ಮೊದಲ ಸಲ ಕೇಳುತ್ತಿದ್ದರು. ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

"ಅವಗ ಶಿಕ್ಕಾ ಹೊಡಿಯಾಕ ಎಲ್ಲಿ ಬರ್ತದ್ರಿ" ಎಂದರು. "ಬರ್ರಿ."

ಕ್ಷೌರದ ಡಬ್ಬಿಯಿಂದ ಸೀಲು, ನೇರಳೆ ಶಾಯಿಯ ಪ್ಯಾಡು, ಕೆಂಪು ಪೆನ್ನು ತೆಗೆದು ತಾವೇ ಸಾಲಾಗಿ ಇಟ್ಟರು. ಪಂಚನಾಮೆಗೆ ಇಲ್ಲಿ ಪಂಚರಿಲ್ಲ. ಕೃತಿ ಫೋಟೋ ತೆಗೆದು ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಶ್ರೀಪಾದ ಹಕ್ಕುಗಳನ್ನು ಕನ್ನಡದಲ್ಲಿ ಹೇಳಿದ. ವಕೀಲರು ಬೇಕೇ ಎಂದು ಎರಡು ಸಲ ಕೇಳಿದ. ಅವರು ಬೇಡ ಎಂದ ಮೇಲೆ ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟ.

"ಸೈನ್ಯದಲ್ಲಿ ಏನಾಗಿದ್ದಿರಿ?"

"ಕ್ಲರ್ಕ್. ಇಪ್ಪತ್ತೆಂಟು ವರ್ಷ. ಕಡೇಕ ಸುಬೇದಾರ ಕ್ಲರ್ಕ್."

"ಯಾವ ಕೆಲಸ?"

"ದವಾಖಾನಿ ಬಿಲ್ಲು ತಪಾಸಣಿ."

"ಸೀಲು ಇಲ್ಲದ ಬಿಲ್ಲು ಬಂದರೆ?"

"ಹೊಳ್ಳಿ ಕಳಿಸ್ತಿದ್ದೆ. ಅದೇ ಸಾಲು ಬರೀತಿದ್ದೆ ನೋಡ್ರಿ, ಈಗ ನನಗ ಬಂದದ್ದು. 'ಮುದ್ರೆ ಇಲ್ಲವಾದ್ದರಿಂದ ಹಿಂದಿರುಗಿಸಲಾಗಿದೆ.' ಮೂರು ಸಲನೂ ಅದನ್ನ ಓದಿ ನಾ ಬೈಲಿಲ್ರಿ. ನಿಯಮ ಐತಿ. ಆಸ್ಪತ್ರಿ ಕೌಂಟರಿಗೆ ನಾಕು ಸಲ ಹೋಗಿ ಶಿಕ್ಕಾ ಕೇಳಿದೆ. ಆ ಹುಡುಗಿ ನಕ್ಕಳು. ಇಲ್ಲಿ ಶಿಕ್ಕಾ ಇಲ್ಲ, ಅಲ್ಲಿ ಶಿಕ್ಕಾ ಇಲ್ದ ನಡಿಯೂದಿಲ್ಲ. ನಡುವ ಇಕಿ ಉಸಿರು ಹಿಡ್ಕೊಂಡು ಮಲಗ್ಯಾಳ. ನನ್ನ ಕಡೆ ಫೋನ್ ಇಲ್ಲಂತ ಅಂಗಡ್ಯಾಗ ಮಗನ ಹೆಸರು, ನಂಬರು ಬರೆಸಿ ಶಿಕ್ಕಾ ಮಾಡಿಸಿದೆ. ನಾ ಏನ್ ಮಾಡ್ಬೇಕಾಗಿತ್ತು ಹೇಳ್ರಿ."

"ಮ್ಯಾನೇಜರ್ ಹತ್ತಿರ ಒಂದು ಪತ್ರ ಕೇಳಬಹುದಿತ್ತು. ಬಿಲ್ಲು ನಿಜ, ನಮ್ಮಲ್ಲಿ ಸೀಲಿನ ಪದ್ಧತಿ ಇಲ್ಲ ಅಂತ. ಐದು ನಿಮಿಷದಲ್ಲಿ ಬರೆದುಕೊಡುತ್ತಿದ್ದೆ ಅಂತ ಅವರು ನನಗೆ ಹೇಳಿದರು."

ವಾಸುದೇವ ಕೆಂಪು ಪೆನ್ನಿದ್ದ ಚೀಲವನ್ನು ಮೇಜಿನ ಅಂಚಿಗೆ ನೇರ ಮಾಡಿ ಇಟ್ಟರು.

"ಹಂಗ ಕೇಳಬಹುದು ಅಂತ ನನಗ ಹೊಳೀಲಿಲ್ರಿ" ಎಂದರು. "ನಮ್ಮ ಆಫೀಸಿನ ಕಿಡಕಿಗೆ ಬಂದು ಕೇಳಿದವರನ್ನ ನಾ ನಿಲ್ಲಗೊಟ್ಟಿದ್ದಿಲ್ಲ. ಎಂಬತ್ತೇಳರಾಗ ಒಬ್ಬಾಕಿ ಬಂದಿದ್ಲು, ವಸಂತಾ ಅಂತ. ಗಂಡ ಜವಾನ, ರಜಾದಾಗ ಊರಿಗೆ ಹೋದಾಗ ಸತ್ತಿದ್ದ. ಸಣ್ಣ ದವಾಖಾನಿ ಬಿಲ್ಲು, ಶಿಕ್ಕಾ ಇದ್ದಿದ್ದಿಲ್ಲ. ಡಾಕ್ಟರು ಊರು ಬಿಟ್ಟು ಹೋಗ್ಯಾನ, ಎಲ್ಲಿಂದ ತರ್ಲಿ ಸಾಹೇಬ್ರ ಅಂದ್ಲು. ಮೂರು ಸಲ ಹೊಳ್ಳಿ ಕಳಿಸಿದೆ."

"ಡಿಡ್ ಶೀ ಕಮ್ ಬ್ಯಾಕ್?" ಕೃತಿ ಕೇಳಿದಳು.

"ಇಲ್ಲವ್ವಾ. ಫೈಲು ಮುಚ್ಚಿದೆ. ಬಾಕಿ ಒಂದು ಕಮ್ಮಿ ಆತು ಅಂತ ಅವತ್ತು ನನಗ ಖುಷಿ ಆಗಿತ್ತು."

ಕೃತಿ ಕಿಟಕಿಯ ಕಡೆ ತಿರುಗಿದಳು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಖೋಟಾ ದಾಖಲೆ ಮಾಡಿ ಬಳಸಿದ ಆರೋಪದ ಮೇಲೆ ವಾಸುದೇವರನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಹೆಂಡತಿಗೆ ಎಚ್ಚರವಾಗುವುದು ಬೇಡ ಎಂದು ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸಿಲು ದಾಟಿದರು. ಪಕ್ಕದ ಮನೆಯ ಹೆಂಗಸನ್ನು ಒಳಗೆ ಕೂರಿಸಿ, ಚೇತನನಿಗೆ ಫೋನ್ ಮಾಡಿದ ಮೇಲೆಯೇ ಶ್ರೀಪಾದ ಕಾರು ಹೊರಡಿಸಿದ.

ದಾರಿಯಲ್ಲಿ ಅವನು ಹೇಳಿದ: "ಜಾನೆಟ್ ಇವತ್ತೇ ಪತ್ರ ಕಳಿಸುತ್ತಾರೆ. ಬಿಲ್ಲು ನಿಜ ಅಂತ ನಾನೂ ಬರೆಯುತ್ತೇನೆ. ಏನಾದರೂ ಆಗಬಹುದು."

"ಆಗೂದಿಲ್ರಿ. ಖೋಟಾ ಕಾಗದ ಸೇರಿದ ಫೈಲು ತೆರಿಯಾಕ ಬರೂದಿಲ್ಲ. ಆ ಕುರ್ಚಿಮ್ಯಾಲೆ ನಾ ಇದ್ರೂ ತೆರೀತಿದ್ದಿಲ್ಲ."

ಅಂದು ಸಂಜೆಯೇ ಜಾಮೀನು ಸಿಕ್ಕಿತು. ಮೊದಲ ತಪ್ಪು, ಲಾಭದ ಆಸೆ ಇಲ್ಲ, ಕೋರ್ಟು ದೊಡ್ಡ ಶಿಕ್ಷೆ ಕೊಡಲಾರದು ಎಂದು ಎಲ್ಲರೂ ಹೇಳಿದರು. ಆರೋಪಪಟ್ಟಿಯ ಜೊತೆಗಿನ ವರದಿಯಲ್ಲಿ ಶ್ರೀಪಾದ ಹೀಗೆ ಬರೆದ: ಚಿಕಿತ್ಸೆ ನಿಜ, ಮೊತ್ತ ನಿಜ, ಆರೋಪಿ ತನ್ನದಲ್ಲದ ಒಂದು ಸೆಂಟನ್ನೂ ಕೇಳಿಲ್ಲ.

ಮುಂಗಡ ಕಟ್ಟುವ ಗಡುವನ್ನು ಜಾನೆಟ್ ತಮ್ಮ ಅಧಿಕಾರದಲ್ಲಿ ನಾಲ್ಕು ದಿನ ಮುಂದೆ ಹಾಕಿಸಿದರು. ಅದಕ್ಕಿಂತ ಹೆಚ್ಚು ಅವರಿಂದಾಗಲಿಲ್ಲ. ಮಾರ್ಚ್ 18ರ ಮಧ್ಯಾಹ್ನ ಭಾರತದಿಂದ ಉತ್ತರ ಬಂತು. ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಶ್ರೀಪಾದನಿಗೆ ಮನಸ್ಸು ಒಪ್ಪಲಿಲ್ಲ, ಪ್ರಿಂಟು ತೆಗೆದುಕೊಂಡು ತಾನೇ ಹೋದ.

ವಾಸುದೇವ ಅದನ್ನು ಬಾಗಿಲಲ್ಲೇ ನಿಂತು ಓದಿದರು. ಎರಡೇ ಸಾಲು. ಖೋಟಾ ದಾಖಲೆಯ ಕಾರಣ ಕೋರಿಕೆ ತಿರಸ್ಕೃತ, ಕಡತ ಮುಕ್ತಾಯ. ಸಹಿ, ತಾರೀಖು, ಸಹಿಯ ಮೇಲೆ ಅರ್ಧ ಬಂದ ದುಂಡು ಸೀಲು. ಎಲ್ಲವನ್ನೂ ಬೆರಳಿಟ್ಟು ನೋಡಿದರು.

"ಸರಿಯಾಗಿ ಬರದಾನ್ರಿ" ಎಂದರು. "ಏನೂ ತಪ್ಪಿಲ್ಲ."

ಒಳಗಿಂದ ಜಯಲಕ್ಷ್ಮಿಯ ಧ್ವನಿ ಬಂತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುವುದು ಹೊರಗಿನವರೆಗೂ ಕೇಳಿಸುತ್ತಿತ್ತು.

"ಯಾರ್ರೀ ಬಂದಾರ? ಕಚೇರಿಯಿಂದ ಏನರ ಬಂತೇನು?"

ವಾಸುದೇವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಬಂದೈತಿ" ಎಂದು ಕೂಗಿ ಹೇಳಿದರು. "ಇನ್ನೊಂದು ಕಾಗದ ಕೇಳ್ಯಾರ. ಕಳಿಸಿದ್ರ ಆತಂತ."

ಶ್ರೀಪಾದ ಕಾರಿನ ಕಡೆಗೆ ನಡೆದ.