ಅತ್ತೆಯ ಹಿಡಿಕೆ

"ಆ ಹಿಡಿಕೆ ಒಂದನ್ನ ಬಿಟ್ಟು ಏನು ಬೇಕಾದ್ರೂ ಕಿತ್ತುಹಾಕಿ," ಎಂದಳು ಮನೆಯೊಡತಿ. ಹೇಳುವಾಗ ಅವಳು ಬಚ್ಚಲುಮನೆಯ ಹೊಸ್ತಿಲು ದಾಟಿರಲಿಲ್ಲ. "ಅದು ನಮ್ಮೆಜಮಾನರ ಸೋದರತ್ತೇದು. ಹಿಂದೆ ಮಾಟ ಮಾಡ್ತಿದ್ದರಂತೆ. ನೋಡಿ, ಅದಕ್ಕೆ ಸುತ್ತಿರೋದು ಅವರದೇ ಕೂದಲು."

ಬಚ್ಚಲುಮನೆಯನ್ನು ಹೊಸದಾಗಿಸಲು ಬಂದಿದ್ದ ಡಿಸೈನರ್ ನಕ್ಕಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಪಾಚಿಯ, ಹರಳೆಣ್ಣೆಯ ವಾಸನೆ ಮಡುಗಟ್ಟಿತ್ತು. ಸೊಂಟದೆತ್ತರದಲ್ಲಿ ತುಕ್ಕು ಹಿಡಿದ ಕಬ್ಬಿಣದ ಹಿಡಿಕೆ, ಅದರ ಮೈತುಂಬ ನರೆಗೂದಲು. ಒಂದು ಕಾಲು ಸೋತ ಆ ಮುದುಕಿ ಅತ್ತೆ ಈಗಲೂ ದಿನವೂ ಅದನ್ನೇ ಹಿಡಿದು ಒಬ್ಬಳೇ ಸ್ನಾನ ಮಾಡುತ್ತಿದ್ದಳು. ಆ ಮನೆಯಲ್ಲಿ ಯಾರ ಹಂಗೂ ಇಲ್ಲದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ.

"ಆಸ್ಪತ್ರೆ ಥರ ಕಾಣುತ್ತೆ ಇದು," ಎಂದಳು ಡಿಸೈನರ್. ಅವಳು ಹೆಸರು ಮಾಡಿದ್ದೇ ಬೋಳು ಗೋಡೆಗಳಿಂದ. ಹಿಡಿಯಿಲ್ಲದ ಬಾಗಿಲು, ಗೋಡೆಯೊಳಗೆ ಅಡಗಿದ ನಲ್ಲಿ, ಬೂದುಬಣ್ಣದ ದೊಡ್ಡ ದೊಡ್ಡ ಟೈಲ್ಸ್, ಗೂಡಿನಿಂದ ಇಣುಕುವ ಮೆತ್ತನೆಯ ಬೆಳಕು. ಕಣ್ಣಿಗೆ ಏನೂ ಅಡ್ಡ ಬರಬಾರದು. ಬಿದ್ದವರ ಕೈಗೆ ಏನಾದರೂ ಸಿಗಬೇಕು ಎನ್ನುವುದು ಅವಳ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. "ನಿಮ್ಮತ್ತೆಗೆ ಹೇಳಿ, ನನಗೂ ಒಂದು ಮಾಟ ಮಾಡಲಿ. ಗಿರಾಕಿಗಳಾದ್ರೂ ಜಾಸ್ತಿ ಆಗ್ತಾರೆ."

ಮನೆಯೊಡತಿಯ ಮಾತು ಲೆಕ್ಕಿಸದೆ ಅವಳು ಹಿಡಿಕೆ ಕೀಳಿಸಿದಳು. ಅದು ಕಿತ್ತು ಬಂದಾಗ ಗೋಡೆ ನರಳಿತು. ತೂತಿನಿಂದ ಕಪ್ಪು ನೀರು ಇಳಿಯಿತು. ಅದರ ಮೇಲೆ ಟೈಲ್ಸ್ ಕೂತಿತು.

ಕೆಲಸ ಮುಗಿದ ಮೇಲೆ ಫೋಟೊ ತೆಗೆಯಲು ಡಿಸೈನರ್ ಬಂದು ಹಜಾರದಲ್ಲಿ ಕಾದಿದ್ದಳು. ಒಳಗೆ ಮುದುಕಿ ಸ್ನಾನಕ್ಕಿಳಿದಿದ್ದಳು. ದೊಪ್ಪೆಂಬ ಸದ್ದು. ಓಡಿ ಹೋಗಿ ನೋಡಿದರೆ ನೆಲದ ಮೇಲೆ ಒದ್ದೆ ಮೈಯ ಮುದುಕಿ, ಬೋಳು ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದಾಳೆ. ಆ ಪುಣ್ಯಾತಗಿತ್ತಿ ಡಿಸೈನರ್ ಮೊದಲು ಬಗ್ಗಿ ನೋಡಿದ್ದು ಟೈಲ್ಸ್ ಒಡೆದಿದೆಯೇ ಎಂದು! ಮುದುಕಿ ಅದನ್ನು ಕಂಡಳು. ನೋವಿನಲ್ಲೂ ಅವಳ ದನಿ ಕಂಪಿಸಲಿಲ್ಲ.

"ನನ್ನ ಹಿಡಿಕೆ ಕಿತ್ತೋಳು ನೀನೇನಾ? ಹೋಗು. ಇನ್ನು ನಿನ್ನ ಕೈಯಲ್ಲಿ ಏನೂ ನಿಲ್ಲಲ್ಲ."

ಅವತ್ತು ಸಂಜೆಯೇ ಕೈಯಿಂದ ಲೋಟ ಜಾರಿತು. ಆಮೇಲೆ ಫೋನು, ಬೀಗದ ಕೈ, ಬಾಚಣಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಮ್ಮನೆ ಗಾದೆ ಹೇಳುತ್ತಾರೆ, ಇವಳ ಪಾಲಿಗೆ ದಿನದ ಊಟವೇ ಹಾಗಾಯಿತು. ನರಗಳೆಲ್ಲ ಸರಿಯಾಗಿವೆ ಎಂದರು ವೈದ್ಯರು. ಇಷ್ಟಾದರೂ ಅವಳು ಶಾಪವನ್ನು ನಂಬಲಿಲ್ಲ. ನಂಬಿದ್ದು, ರಸ್ತೆ ದಾಟುವಾಗ ಮಗಳ ಪುಟ್ಟ ಕೈ ಸೋಪಿನಂತೆ ಜಾರಿಹೋದ ದಿನ. ಬ್ರೇಕಿನ ಕಿರುಚಾಟ. ಸುಟ್ಟ ರಬ್ಬರಿನ ನಾತ. ಲಾರಿಯ ಚಕ್ರದ ಪಕ್ಕದಲ್ಲಿ ಮಗು ಕೂತಿತ್ತು, ಮಂಡಿ ತರಚಿತ್ತು.

"ಅಮ್ಮಾ, ಯಾಕೆ ಕೈ ಬಿಟ್ಟೆ?"

ಕೆಟ್ಟ ಮೇಲೆ ಬುದ್ಧಿ ಬಂತು. ಅವಳು ಮುದುಕಿಯ ಮಂಚದ ಮುಂದೆ ಮಂಡಿಯೂರಿದಳು.

"ಹೊಸ ಹಿಡಿಕೆ ಹಾಕಿಸಿಕೊಡ್ತೀನಿ ಅಜ್ಜಿ. ಚಿನ್ನದ್ದು ಬೇಕಾದ್ರೂ ಸರಿ."

"ಆ ಗೋಡೆಗೆ ಇನ್ನು ಲೋಹ ಒಗ್ಗಲ್ಲ."

"ಏನು ಕೇಳಿದ್ರೂ ಕೊಡ್ತೀನಿ. ನನ್ನ ಮಗಳ ಕೈ ನನ್ನ ಕೈಯಲ್ಲಿ ನಿಂತರೆ ಸಾಕು."

ಮುದುಕಿ ಅವಳ ಎರಡೂ ಕೈಗಳನ್ನು ನೋಡಿದಳು. "ಒಂದು ಕೈಯಲ್ಲಿ ನಿಂತರೆ ಸಾಕಾ?"

"ಸಾಕು."

"ಹಂಗಾದ್ರೆ ಹೋಗಿ ಗೋಡೆ ಮುಟ್ಟು."

ಬಚ್ಚಲುಮನೆಗೆ ಕಾಲಿಟ್ಟ ಕೂಡಲೇ ದೀಪ ಆರಿತು. ಹರಳೆಣ್ಣೆಯ ವಾಸನೆ ಗಂಟಲಿಗೆ ಇಳಿಯಿತು. ಅವಳು ಬಲಗೈ ಚಾಚಿದಳು. ಟೈಲ್ಸ್ ಬೆಚ್ಚಗಿತ್ತು. ಕಲಸಿಟ್ಟ ಹಿಟ್ಟಿನಂತೆ ಮೆತ್ತಗಿತ್ತು. ಬೆರಳು ಇಳಿದವು. ಅಂಗೈ ಇಳಿಯಿತು. ಎಳೆದುಕೊಂಡಳು. ಬರಲಿಲ್ಲ. ಒಳಗೆ ಕೂದಲು. ಎಳೆ ಎಳೆಯಾಗಿ ಸುತ್ತುತ್ತಿದೆ. ಬಿಗಿಯುತ್ತಿದೆ. ಕಿರುಚಿದಳು. ಹಜಾರದಲ್ಲಿ ಯಾರೋ ಬಾಗಿಲು ಹಾಕಿಕೊಂಡ ಸದ್ದು. ಮತ್ತೆ ಎಳೆದಳು. ಹಿಂದಕ್ಕೆ ಬಿದ್ದಳು.

ದೀಪ ಬಂತು. ರಕ್ತ ಒಂದು ಹನಿಯೂ ಇರಲಿಲ್ಲ. ಅವಳ ಬಲಗೈ ಮಣಿಕಟ್ಟಿಗೇ ಮುಗಿದಿತ್ತು, ಮುಗಿದ ಜಾಗ ಟೈಲ್ಸಿನಷ್ಟೇ ನುಣುಪು, ತಣ್ಣಗೆ. ಗೋಡೆಯಿಂದ ಐದು ಬೆರಳುಗಳು ಹೊರಚಾಚಿದ್ದವು, ಯಾರಾದರೂ ಹಿಡಿಯಲಿ ಎನ್ನುವಂತೆ ಬಾಗಿ.

ಕೇಳಿದವರಿಗೆ ಕಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು ಎಂದಳು. ಎಡಗೈಯಲ್ಲಿ ಮಾತ್ರ ಈಗ ಎಲ್ಲವೂ ನಿಲ್ಲುತ್ತಿತ್ತು. ಲೋಟ ನಿಂತಿತು. ಮಗಳ ಕೈ ನಿಂತಿತು. ಮುದುಕಿ ಎದ್ದು ಓಡಾಡಿದಳಂತೆ ಎಂಬ ಸುದ್ದಿಯೂ ಬಂತು. ಆಮೇಲೆ ದಿನಾ ಬೆಳಿಗ್ಗೆ ಇಲ್ಲದ ಆ ಕೈ ಒದ್ದೆಯಾಗುತ್ತಿತ್ತು. ಮೂಳೆ ಮೂಳೆಯ ಬೆರಳುಗಳು ಅದನ್ನು ಹಿಡಿಯುತ್ತಿದ್ದವು. ಉಗುರು ನಾಟುವಷ್ಟು, ಬೇಕೆಂದೇ. ಸ್ನಾನ ದಿನದಿನಕ್ಕೆ ಉದ್ದವಾಗುತ್ತಿತ್ತು. ಗಿರಾಕಿಗಳ ಮುಂದೆ ಅವಳು ತುಟಿ ಕಚ್ಚಿಕೊಂಡು ಸಹಿಸುತ್ತಿದ್ದಳು. ಇವತ್ತಲ್ಲ ನಾಳೆ ಮುದುಕಿ ಸಾಯಲೇಬೇಕಲ್ಲ ಎನ್ನುವುದೊಂದೇ ಸಮಾಧಾನ.

ಮಳೆಗಾಲ ಕಳೆದ ಮೇಲೆ ಮನೆಯೊಡತಿಯ ಫೋನು ಬಂತು. "ಅತ್ತೆ ಹೋದ್ರು. ಮಣ್ಣು ಮಾಡಿ ಬಂದ್ವಿ." ಡಿಸೈನರ್ ಖುಷಿಯಿಂದ ಅತ್ತಳು. ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಮೆಟ್ಟಿಲಿಳಿಯುತ್ತಿದ್ದಾಗ ಇಲ್ಲದ ಬಲಗೈಯ ಮೇಲೆ ಮತ್ತೆ ಆ ಹಿಡಿತ ಬಂತು. ಈ ಸಲ ನೀರಿಲ್ಲ. ಒದ್ದೆ ಮಣ್ಣಿನ ವಾಸನೆ. ಐಸಿನಂಥ ಬೆರಳು. ಹಿಡಿದದ್ದು ಸುಮ್ಮನಿರಲಿಲ್ಲ, ಎಳೆಯಿತು. ಕೆಳಕ್ಕೆ. ಅವಳ ಚಪ್ಪಲಿ ಜಾರಿತು. ಒಂದು ಮೆಟ್ಟಿಲು. ಇನ್ನೊಂದು. ಅವಳ ಜೊತೆ ಮಗಳ ಪುಟ್ಟ ಬೂಟುಗಳೂ ಜಾರಿದವು.

"ನಾನು ಬಿಡಲ್ಲ ಅಮ್ಮಾ!" ಮಗು ಎರಡೂ ಕೈಯಿಂದ ಎಡಗೈಯನ್ನು ಅಪ್ಪಿಕೊಂಡಿತು.

ಎಳೆತ ಜೋರಾಯಿತು. ಮಗುವಿನ ಕಾಲು ನೆಲ ಬಿಟ್ಟಿತು. ಕೆಳಗೆ ಮೆಟ್ಟಿಲೇ ಕಾಣಲಿಲ್ಲ, ಬರೀ ಕತ್ತಲೆ. ತಾಯಿ ಒಮ್ಮೆ ಮಗಳ ಮುಖ ನೋಡಿದಳು. ಮೈಯ ಬಲವೆಲ್ಲ ಸೇರಿಸಿ ಅವಳನ್ನು ಮೇಲಿನ ಮೆಟ್ಟಿಲಿಗೆ ತಳ್ಳಿದಳು.

ತಳ್ಳಿ, ಕೈ ಬಿಟ್ಟಳು.