ಆರನೇ ಪಿಂಗಾಣಿ ಕಪ್ಪು

ಮಾಲೂರಿನ ಗಂಡಿನ ಕಡೆಯವರು ಆ ಭಾನುವಾರ ಯಲ್ದೂರಿಗೆ ಹೆಣ್ಣು ನೋಡಲು ಬಂದದ್ದು ನರೇಶನ ಬಾಡಿಗೆ ಕಾರಿನಲ್ಲಿ. ಅಡುಗೆಮನೆ ಕಿಟಕಿಯಿಂದ ಇಣುಕಿದಾಗಲೇ ವಾಣಿಶ್ರೀಗೆ ಅದು ತಿಳಿದದ್ದು. ಅವನಿಗೂ ಮನೆ ಮುಂದೆ ಬ್ರೇಕ್ ಹಾಕಿ, ಕಿಟಕಿಯಲ್ಲಿ ಅವಳನ್ನು ಕಂಡ ಮೇಲೆಯೇ ಹೆಣ್ಣು ಯಾರೆಂದು ಗೊತ್ತಾಗಿರಬೇಕು; ಮಾವಿನ ಮರದ ಕೆಳಗೆ ಕಾರಿಗೊರಗಿ ನಿಂತವನ ಮುಖ ಬಾಡಿತ್ತು.

ಒಂದು ವರ್ಷದಿಂದ ಶ್ರೀನಿವಾಸಪುರದಲ್ಲಿ, ವಾರದ ದಿನಗಳಲ್ಲಿ ಶೇರ್ ಕಾರಾಗಿ ಓಡುತ್ತಿದ್ದ ಅದೇ ಕಾರು ಹತ್ತಿ ಅವಳು ಕೋಲಾರದ ಆಫೀಸಿಗೆ ಹೋಗಿಬರುತ್ತಿದ್ದಳು. ಡ್ಯಾಶ್‌ಬೋರ್ಡಿನ ಮೇಲೆ ಅವನದೊಂದು ನೋಟ್‌ಬುಕ್. ಜನ ಬಿಟ್ಟುಹೋದ ಇಂಗ್ಲಿಷ್ ಪೇಪರುಗಳಿಂದ ದಿನಕ್ಕೊಂದು ಮಾತು ಬರೆದುಕೊಳ್ಳುತ್ತಿದ್ದ. ಹತ್ತಕ್ಕೇ ಓದು ಬಿಟ್ಟವನು. ಅವಳು ಬಿ.ಕಾಂ. ಆದರೂ 'ಸೆಟ್ ಸ್ಟೋರ್ ಬೈ' ಅವಳು ಕೇಳಿರಲಿಲ್ಲ.

ಒಬ್ಬರ ಮಾತಿಗೋ ಸ್ನೇಹಕ್ಕೋ ತುಂಬಾ ಬೆಲೆ ಕೊಡುವುದು ಅಂತ ಬಿಡಿಸಿ ಹೇಳಿದ್ದ. 'ವ್ಯಾಲ್ಯೂ' ಅಂದರೂ ನಡೆಯುತ್ತೆ, 'ರೆಸ್ಪೆಕ್ಟ್' ಒಂಚೂರು ದೂರ ನಿಂತ ಹಾಗೆ, 'ಲೈಕ್' ಬಲು ಹಗುರ. ಅವಳು ಉದಾಹರಣೆ ಕೇಳಿದಳು.

"ಐ ಸೆಟ್ ಗ್ರೇಟ್ ಸ್ಟೋರ್ ಬೈ ಯುವರ್ ವರ್ಡ್ಸ್."

"ಬರೀ ಮಾತಿಗೇನಾ?"

ಮುಂದಿನ ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ರೋಡಿನ ಹಂಪು ಕಾಣದೆ ಕಾರು ಎಗರಿತು. ದಿನಾ ಅವಳ ಪಕ್ಕದಲ್ಲೇ ಕೂತು ಬರುತ್ತಿದ್ದ ಆದಿಲಕ್ಷ್ಮಿ ಇಬ್ಬರನ್ನೂ ತೆಲುಗಿನಲ್ಲಿ ಬೈದಳು.

ಅಷ್ಟೇ. ಅದಾದ ಮೇಲೆ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಅಪ್ಪ ಮುನಿರಾಮಪ್ಪ ಹೂಂ ಅಂದರೆ ಎಲ್ಲ ಮುಗಿದುಹೋಗುತ್ತಿತ್ತು.

ಅಮ್ಮ ಆರರ ಸೆಟ್ಟಿನಿಂದ ಐದು ಪಿಂಗಾಣಿ ಕಪ್ಪು ತಟ್ಟೆಗೆ ಜೋಡಿಸಿ, ಡ್ರೈವರಿಗೆಂದು ಸ್ಟೀಲ್ ಲೋಟ ಪಕ್ಕಕ್ಕಿಟ್ಟಳು. ಆ ಲೋಟ ನೋಡಿದ ಕೂಡಲೇ ವಾಣಿಶ್ರೀಗೆ ಮೈ ಉರಿಯಿತು.

ಗಂಡಿನ ಸೋದರಮಾವ ಕೋದಂಡರಾಮಪ್ಪ ರಿಟೈರ್ಡ್ ಮೇಷ್ಟ್ರು. ಕಾಫಿ ತೆಗೆದುಕೊಳ್ಳುತ್ತಾ, ಹುಡುಗಿ ತನಗೆ ಏನಿಷ್ಟ ಅಂತ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಲಿ ಅಂದರು.

"ಐ ಸೆಟ್ ಗ್ರೇಟ್ ಸ್ಟೋರ್ ಬೈ ನರೇಶ್."

ಮೇಷ್ಟ್ರು ನಕ್ಕು, ಅದೆಲ್ಲ ಈಗ ಯಾರು ಬಳಸ್ತಾರಮ್ಮ, 'ಲೈಕ್' ಅಂದರೆ ಸಾಕು ಅಂದರು. ಹೆಸರು ಆಮೇಲೆ ಕಿವಿಗೆ ಇಳಿದಿರಬೇಕು, ನಗು ಅಲ್ಲೇ ನಿಂತಿತು. ಗಂಡು ಮೊಬೈಲಿನಿಂದ ತಲೆ ಎತ್ತಿತು.

"ಸಾಕಾಗಲ್ಲ ಸಾರ್," ಅಂದಳು ವಾಣಿಶ್ರೀ. "ವ್ಯಾಲ್ಯೂ ಅನ್ನಬಹುದು. ಅದೂ ಕಮ್ಮೀನೇ."

"ನರೇಶ್ ಅಂದ್ರೆ ಯಾರಮ್ಮಾ?" ಅಪ್ಪನ ದನಿ ತಗ್ಗಿತ್ತು.

"ಇವರನ್ನ ಕರ್ಕೊಂಡು ಬಂದೋನು. ನೀನು ಆಮೇಲೆ ಎಷ್ಟಾದ್ರೂ ಬೈಯಪ್ಪಾ. ಅವನಿಗೆ ಕಾಫಿ ಮಾತ್ರ ನಾನೇ ಕೊಡ್ತೀನಿ."

ಶೋಕೇಸಿನಲ್ಲಿ ಉಳಿದಿದ್ದ ಆರನೇ ಕಪ್ಪು ತೆಗೆದು, ಲೋಟದ ಕಾಫಿಯನ್ನು ಅದಕ್ಕೆ ಸುರಿದು, ಎಲ್ಲರ ಮುಂದೆಯೇ ಅಂಗಳ ದಾಟಿದಳು. ನರೇಶ್ ಎರಡೂ ಕೈಯಲ್ಲಿ ಕಪ್ಪು ಹಿಡಿದ. ಒಳಗಿನ ಮಾತು ಅವನಿಗೆ ಕೇಳಿಸಿತ್ತು.

"ಸರಿಯಾಗಿ ಹೇಳ್ದೆನಾ?"

ಕನ್ನಡಿಯಿಲ್ಲದೆ, ಮೊದಲ ಸಲ, ಅವನು ಅವಳನ್ನು ನೇರವಾಗಿ ನೋಡಿದ.

"ನಾನು ಹೇಳಬೇಕಿತ್ತು ಕಣೇ. ಹೆದರಿದ್ದೆ. ಇವರನ್ನ ಮಾಲೂರಿಗೆ ಬಿಟ್ಟು ವಾಪಸ್ ಬರ್ತೀನಿ, ನಿಮ್ಮಪ್ಪನ ಹತ್ರ. ಡ್ರೈವರಾಗಿ ಅಲ್ಲ."

ಬಾಗಿಲಲ್ಲಿ ಅಪ್ಪ, ಅಮ್ಮ, ಮೇಷ್ಟ್ರು, ಗಂಡು ಎಲ್ಲ ಸಾಲಾಗಿ ನಿಂತಿದ್ದರು. ಹೊರಡೋಣ ಅಂತ ಯಾರೋ ಕೂಗಿದರು. ನರೇಶ್ ಗಡಿಬಿಡಿಯಿಂದ ಕಪ್ಪು ಬಾಯಿಗಿಟ್ಟ.

ಅವಳು ಬಾಗಿಲಿಗೆ ಬೆನ್ನು ತಿರುಗಿಸಿ ನಿಂತಳು.

"ನಿಧಾನಕ್ಕೆ ಕುಡಿ," ಅಂದಳು. "ಕಾಯ್ತಾರೆ."